ಕುರ್ಚಿ ಬಿಟ್ಟು ಅಡಗದ ಮೂವರು

1981ರ ಫೆಬ್ರವರಿ 23ರ ಸಂಜೆ. ಸ್ಪೇನ್ ದೇಶದ ರಾಜಧಾನಿ ಮ್ಯಾಡ್ರಿಡ್‌ನ ಸಂಸತ್ತಿನಲ್ಲಿ ಹೊಸ ಪ್ರಧಾನಿಯ ಆಯ್ಕೆಗೆ ಮತದಾನ ನಡೆದಿತ್ತು. ಅಷ್ಟರಲ್ಲಿ ಲೆಫ್ಟಿನೆಂಟ್ ಕರ್ನಲ್ ತೆಹೆರೊ ಪಿಸ್ತೂಲು ಹಿಡಿದು ಸಭಾಂಗಣಕ್ಕೆ ನುಗ್ಗಿದ. ಅವನ ಜೊತೆ ಸುಮಾರು 200 ಮಂದಿ ಸಶಸ್ತ್ರ ಸಿವಿಲ್ ಗಾರ್ಡ್‌ಗಳು. ಗುಂಡುಗಳು ಛಾವಣಿಗೆ ಹಾರಿದವು. ಸದಸ್ಯರೆಲ್ಲ ಆಸನಗಳ ಕೆಳಗೆ ಅಡಗಿದರು.

ಅಡಗದವರು ಮೂವರೇ. ಅಧಿಕಾರ ಬಿಟ್ಟುಕೊಡಲಿದ್ದ ಪ್ರಧಾನಿ ಸುವಾರೆಸ್, ಕಮ್ಯುನಿಸ್ಟ್ ನಾಯಕ ಕರಿಯೊ, ಉಪಪ್ರಧಾನಿ ಜನರಲ್ ಮೆಯಾದೊ. 68 ವರ್ಷದ ಮೆಯಾದೊ ಎದ್ದುಹೋಗಿ, ಬಂದೂಕುಧಾರಿಗಳನ್ನು ಎದುರಿಸಿ ನಿಂತರು.

ಇವರೇನು ಹಳೆಯ ಗೆಳೆಯರಲ್ಲ. 1936ರಲ್ಲಿ ಸೇನೆ ಚುನಾಯಿತ ಸರ್ಕಾರದ ವಿರುದ್ಧ ದಂಗೆಯೆದ್ದು ಮೂರು ವರ್ಷ ಅಂತರ್ಯುದ್ಧ ನಡೆದಾಗ ಮೆಯಾದೊ ಮತ್ತು ಕರಿಯೊ ವಿರೋಧಿ ಪಾಳೆಯಗಳಲ್ಲಿದ್ದವರು. ಆ ಯುದ್ಧ ಗೆದ್ದ ಜನರಲ್ ಫ್ರಾಂಕೊ 1975ರಲ್ಲಿ ಸಾಯುವವರೆಗೂ ಸರ್ವಾಧಿಕಾರಿಯಾಗಿದ್ದ. ಸುವಾರೆಸ್ ಅವನ ಆಡಳಿತದಲ್ಲೇ ಬೆಳೆದವರು. ಆದರೂ 1978ರ ಹೊಸ ಸಂವಿಧಾನವನ್ನು ಮೂವರೂ ಒಪ್ಪಿದ್ದರು. ಆ ಸಂಜೆ ಅದಕ್ಕೆ ಕೇವಲ ಎರಡು ವರ್ಷ ತುಂಬಿತ್ತು.

ವೆಲೆನ್ಸಿಯಾ ನಗರದಲ್ಲಿ ಇನ್ನೊಬ್ಬ ಜನರಲ್ ಬೀದಿಗೆ ಟ್ಯಾಂಕುಗಳನ್ನಿಳಿಸಿದ. ಉಳಿದ ಕೆಲವು ಸೇನಾಧಿಕಾರಿಗಳು ಯಾರ ಕಡೆ ನಿಲ್ಲುವುದೆಂಬ ಹೊಯ್ದಾಟದಲ್ಲಿದ್ದರು. ಸೇನೆಯ ದಂಡನಾಯಕನೂ ಆದ ದೊರೆ ಹುವಾನ್ ಕಾರ್ಲೋಸ್ ನಡುರಾತ್ರಿ ಒಂದು ಗಂಟೆಯ ನಂತರ ಸಮವಸ್ತ್ರ ಧರಿಸಿ ಟಿವಿಯಲ್ಲಿ ಮಾತನಾಡಿ, ಸಂವಿಧಾನವನ್ನು ಎತ್ತಿಹಿಡಿದರು. ದಂಗೆಗೆ ಬೆಂಬಲ ಸಿಗಲಿಲ್ಲ. ಮರುದಿನ ಮಧ್ಯಾಹ್ನದ ಹೊತ್ತಿಗೆ ತೆಹೆರೊ ಶರಣಾದ. ಫೆಬ್ರವರಿ 27ರಂದು ಲಕ್ಷಾಂತರ ಜನ ಪ್ರಜಾಪ್ರಭುತ್ವಕ್ಕಾಗಿ ಬೀದಿಗಿಳಿದರು. 1982ರ ಅಕ್ಟೋಬರ್‌ನಲ್ಲಿ ಚುನಾವಣೆ ನಡೆದು, ಸಮಾಜವಾದಿಗಳು ಗೆದ್ದರು. ಅಧಿಕಾರ ಶಾಂತವಾಗಿ ಕೈಬದಲಾಯಿತು.

ಸಂಸತ್ತಿನ ಛಾವಣಿಯಲ್ಲಿ ಗುಂಡಿನ ಗುರುತುಗಳನ್ನು ಇಂದಿಗೂ ಹಾಗೆಯೇ ಉಳಿಸಿಕೊಂಡಿದ್ದಾರೆ.

ಸೈನಿಕ ದಂಗೆಯ ಬಲ ಬಂದೂಕಿನಲ್ಲಿ ಕಡಿಮೆ, ಅದಕ್ಕೆ ತಲೆಬಾಗುವವರಲ್ಲಿ ಹೆಚ್ಚು. ಹೊಯ್ದಾಡುತ್ತಿದ್ದ ಅಧಿಕಾರಿಗಳೆಲ್ಲ ಆ ರಾತ್ರಿ ತಲೆಯಾಡಿಸಿದ್ದರೆ ಸ್ಪೇನಿನ ಕಥೆ ಬೇರೆಯೇ ಆಗುತ್ತಿತ್ತು. 1936ರ ನೆನಪು ಆ ದೇಶಕ್ಕೆ ಇನ್ನೂ ಹಸಿಯಾಗಿತ್ತು. ಸಂವಿಧಾನದ ಕಲಮುಗಳನ್ನು ಪರೀಕ್ಷೆಗಾಗಿ ಉರುಹೊಡೆಯುವ ವಿದ್ಯಾರ್ಥಿಗಳು ಈ ಒಂದು ಸಂಜೆಯನ್ನೂ ನೆನಪಿಟ್ಟುಕೊಳ್ಳಲಿ. ಆ ಕಲಮುಗಳಿಗೆ ಕೈಕಾಲಿಲ್ಲ. ಕಷ್ಟದ ಗಳಿಗೆಯಲ್ಲಿ ಅವು ನಿಲ್ಲುವುದು, ಅವನ್ನು ಒಪ್ಪಿದ ಜನರ ಬೆನ್ನೆಲುಬಿನ ಮೇಲೆ.