ಬಾಯಿಮಾತಿನ ಖೋಲಿಗೆ ಒಂದು ಹಾಳೆ ಕೊಡಿ
(ವಿಜಯಪುರ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ)

ಮಾನ್ಯ ಜಿಲ್ಲಾಧಿಕಾರಿಗಳಿಗೆ,



ಮುಂಜಾನೆ ತಿಕೋಟಾ ಕಡೆಯ ಬಸ್ಸು ವಿಜಯಪುರದ ನಿಲ್ದಾಣಕ್ಕೆ ಬರುವ ಹೊತ್ತಿಗೆ ತಾವೊಮ್ಮೆ ಅಲ್ಲಿ ನಿಂತು ನೋಡಬೇಕು. ಮಂದಿ ಇಳಿಯುವ ಮೊದಲೇ ನಾಲ್ಕೈದು ಹುಡುಗರು ಬಾಗಿಲಿಗೆ ಓಡಿಬರುತ್ತಾರೆ. ಅವರು ಬಂದಿರುವುದು ಬುತ್ತಿಗೆ. ಬಿಳಿ ಅರಿವೆಯಲ್ಲಿ ಕಟ್ಟಿದ ಕಟಕ್ ರೊಟ್ಟಿ, ಶೇಂಗಾ ಹಿಂಡಿ, ಸ್ಟೀಲ್ ಡಬ್ಬಿಯಲ್ಲಿ ಪುಂಡಿಪಲ್ಯ, ಮುಚ್ಚಳದ ಮೇಲೆ ಬಣ್ಣದಲ್ಲಿ ಬರೆದ ಹೆಸರು. ಅವ್ವ ನಸುಕಿನಲ್ಲೆದ್ದು ಬಡಿದ ರೊಟ್ಟಿ ಮಗ ಕಾಲೇಜಿಗೆ ಹೊರಡುವ ಮೊದಲು ಅವನ ಕೈ ಸೇರುತ್ತದೆ. ಈ ಬುತ್ತಿಗೆ ಯಾರೂ ಚೀಟಿ ಬರೆಯುವುದಿಲ್ಲ, ಪಾವತಿ ಕೇಳುವುದಿಲ್ಲ. ನಂಬಿಗೆಯ ಮೇಲೆ ನಡೆಯುತ್ತದೆ, ಚೆನ್ನಾಗಿಯೇ ನಡೆಯುತ್ತದೆ.

ಅದೇ ನಂಬಿಗೆಯಲ್ಲಿ ನಮ್ಮ ಮಂದಿ ಮಕ್ಕಳಿಗೆ ಖೋಲಿಯನ್ನೂ ಹಿಡಿಯುತ್ತಾರೆ. ಅಲ್ಲಿ ಅದು ಸಾಲುತ್ತಿಲ್ಲ. ಅದಕ್ಕಾಗಿ ಈ ಪತ್ರ.

ನಾನು ತಿಕೋಟಾ ತಾಲ್ಲೂಕಿನ ಹಳ್ಳಿಯವಳು. ಮೂವತ್ತು ವರ್ಷಗಳ ಹಿಂದೆ ಓದಲೆಂದು ಈ ಊರಿಗೆ ಬಂದು ಬಾಡಿಗೆ ಖೋಲಿಯಲ್ಲಿದ್ದವಳು. ಈಗ ಇಲ್ಲೇ ನನ್ನದೊಂದು ಮನೆಯಿದೆ, ಮಾಳಿಗೆಯ ಮೇಲಿನ ಎರಡು ಖೋಲಿಗಳನ್ನು ವಿದ್ಯಾರ್ಥಿಗಳಿಗೆ ಕೊಟ್ಟಿದ್ದೇನೆ. ಬಾಡಿಗೆ ಕೊಟ್ಟೂ ಬಲ್ಲೆ, ಇಸಿದುಕೊಂಡೂ ಬಲ್ಲೆ.

ತಿಕೋಟಾ ಇಲ್ಲಿಂದ 20 ಕಿಲೋಮೀಟರ್ ಆಸುಪಾಸು, ಬಬಲೇಶ್ವರ ಅದಕ್ಕಿಂತ ತುಸು ದೂರ. ದಿನಾ ಬಂದು ಹೋಗಬಹುದಲ್ಲ ಎಂದು ಕೇಳುವವರಿದ್ದಾರೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಹೆಣ್ಣುಮಕ್ಕಳಿಗೆ ಬಸ್ಸಿನ ಖರ್ಚೂ ಇಲ್ಲ. ತೊರವಿಯಲ್ಲಿರುವ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವಂತೂ ಅಥಣಿ ರಸ್ತೆಯ ಮೇಲೇ ಇದೆ, ತಿಕೋಟಾದ ಹುಡುಗಿ ವಿಜಯಪುರ ಮುಟ್ಟುವ ಮೊದಲೇ ಇಳಿಯಬಹುದು. ಆದರೆ ತಾಲ್ಲೂಕು ಕೇಂದ್ರ ದಾಟಿ ಇರುವ ಕನಮಡಿಯ ಹುಡುಗ, ಮಮದಾಪುರದ ಹುಡುಗಿ ಏನು ಮಾಡಬೇಕು? ಪ್ರ್ಯಾಕ್ಟಿಕಲ್ ಮುಗಿಯುವುದು ಸಂಜೆಗೆ, ಟ್ಯೂಷನ್ ಅದಾದ ಮೇಲೆ. ತಾಲ್ಲೂಕು ಕೇಂದ್ರದ ತನಕ ಬಸ್ಸು ಸಿಕ್ಕರೂ ಅಲ್ಲಿಂದ ಮುಂದಿನ ಹಳ್ಳಿಗೆ ಸಿಗಬೇಕಲ್ಲ. ಹೀಗಾಗಿ ಖೋಲಿ ಬೇಕೇ ಬೇಕು.

ಹೊರಗಿನಿಂದ ಬಂದವರನ್ನು ಇಟ್ಟುಕೊಂಡೇ ಈ ಊರು ವಿದ್ಯೆಯ ಊರಾಗಿದೆ. ಫ. ಗು. ಹಳಕಟ್ಟಿಯವರು ಹುಟ್ಟಿದ್ದು ಧಾರವಾಡದಲ್ಲಿ. ವಕೀಲಿಗೆಂದು ಇಲ್ಲಿಗೆ ಬಂದರು, 1910ರಲ್ಲಿ ಬಿಎಲ್‌ಡಿಇ ಶಿಕ್ಷಣ ಸಂಸ್ಥೆ ಕಟ್ಟಿದರು, ವಚನಗಳನ್ನು ಅಚ್ಚುಹಾಕಲು ಮುದ್ರಣಾಲಯ ಬೇಕಾದಾಗ ಇದ್ದ ಮನೆಯನ್ನೇ ಮಾರಿದರು. ಅಂಥವರು ಕಟ್ಟಿದ ಊರಿನಲ್ಲಿ ಓದಲು ಬಂದ ಮಗುವಿನ ತಲೆಯ ಮೇಲಿನ ಸೂರು ಇಂದಿಗೂ ಬಾಯಿಮಾತಿನ ಮೇಲೆ ನಿಂತಿದೆ.

ಬಾಯಿಮಾತು ಎಂದರೆ ಏನೆಂದು ನನಗೆ ಗೊತ್ತು. ನಾವಿಬ್ಬರು ಗೆಳತಿಯರು ಎರಡು ವರ್ಷ ಇದ್ದದ್ದು ತಗಡಿನ ಮಾಡಿನ ಒಂದು ಪತ್ರಾಸ್ ಖೋಲಿಯಲ್ಲಿ. ಬ್ಯಾಸಗಿಯಲ್ಲಿ ಗೋಡೆ ಮುಟ್ಟಿದರೆ ಕೈ ಸುಡುತ್ತಿತ್ತು, ಅರಿವೆ ತೊಯ್ಸಿ ನೆಲಕ್ಕೆ ಹಾಸಿ ಓದುತ್ತಿದ್ದೆವು. ಬಿಡುವ ದಿನ ಡಿಪಾಜಿಟ್ ಕೇಳಲು ಅಪ್ಪ ಬಂದರು. ಮನೆಯವರು ಗೋಡೆಯಲ್ಲಿದ್ದ ಮೊಳೆಯ ತೂತು ತೋರಿಸಿದರು, ಸುಣ್ಣದ ಲೆಕ್ಕ ಹೇಳಿದರು, ಲೈಟಿನ ಬಾಕಿ ಹೇಳಿದರು. ಮೊಳೆ ನಾವು ಬರುವ ಮೊದಲೇ ಇತ್ತು. ಹಾಗೆಂದು ತೋರಿಸಲು ನಮ್ಮಲ್ಲಿ ಒಂದು ಚೂರು ಕಾಗದವೂ ಇರಲಿಲ್ಲ. ಅಪ್ಪ ತಲೆಯ ಮೇಲಿನ ಪಟಗಾ ಬಿಚ್ಚಿ ಮತ್ತೆ ಸುತ್ತಿಕೊಂಡು, "ಇರ್ಲಿ ಬಿಡವ್ವ, ಹೋಗೂಣು ನಡಿ" ಅಂದರು. ಬಸ್ಸಿನಲ್ಲಿ ಊರು ಮುಟ್ಟುವವರೆಗೆ ಮಾತಾಡಲಿಲ್ಲ. ಹೋದ ರೊಕ್ಕಕ್ಕಿಂತ, ಮಗಳ ಎದುರು ಮಾತು ಸೋತದ್ದು ಅವರನ್ನು ಸುಟ್ಟಿತ್ತು. ಇವತ್ತಿಗೂ ಪ್ರತಿವರ್ಷ ಅದೆಷ್ಟೋ ಅಪ್ಪಂದಿರು ಹಾಗೆಯೇ ಪಟಗಾ ಸುತ್ತಿಕೊಂಡು ಹೋಗುತ್ತಿದ್ದಾರೆ.

ಮಾನ್ಯರೇ, ಕಾನೂನು ಇಲ್ಲವೆಂದಲ್ಲ. 1999ರ ಕರ್ನಾಟಕ ಬಾಡಿಗೆ ಅಧಿನಿಯಮವಿದೆ. ಅದಕ್ಕೂ ಹಳೆಯ 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಪ್ರಕಾರ, ಬರಹದ ಕರಾರು ಇಲ್ಲದ ತಿಂಗಳ ಬಾಡಿಗೆದಾರನಿಗೂ ಬಿಡಿಸುವ ಮುನ್ನ 15 ದಿನದ ನೋಟಿಸು ಕೊಡಬೇಕು. "ನಾಳಿಗೆ ಖಾಲಿ ಮಾಡ್ರಿ" ಎನ್ನುವಂತಿಲ್ಲ. 2023ರಲ್ಲಿ ಬಂದ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ಬಾಡಿಗೆದಾರರಿಗೂ ಇದೆ. ಆದರೂ ಸೊನ್ನೆ ಬಿಲ್ಲು ಬಂದ ಮೀಟರಿನ ಹೆಸರಿನಲ್ಲಿ ಹುಡುಗರಿಂದ ತಿಂಗಳಿಗೆ ಇಷ್ಟೆಂದು ಲೈಟಿನ ರೊಕ್ಕ ಎತ್ತುವವರಿದ್ದಾರೆ. ಹಾಸ್ಟೆಲ್ ಸೀಟು ಸಿಗದ ಮಕ್ಕಳಿಗಾಗಿ 2013-14ರಲ್ಲಿ ವಿದ್ಯಾಸಿರಿ ಶುರುವಾದಾಗ ಕೊಟ್ಟದ್ದು ತಿಂಗಳಿಗೆ 1500 ರೂಪಾಯಿ, ಅದೂ 10 ತಿಂಗಳಿಗೆ. ಮನೆಯವರು ಎಣಿಸುವುದು 12 ತಿಂಗಳು. ರಜೆಗೆ ಊರಿಗೆ ಹೋದ ಹುಡುಗ ಬೀಗ ಹಾಕಿದ ಖೋಲಿಗೂ ಬಾಡಿಗೆ ಕಟ್ಟುತ್ತಾನೆ, ಇಲ್ಲವೇ ಖೋಲಿ ಬಿಟ್ಟು ಜೂನ್‌ನಲ್ಲಿ ಮತ್ತೆ ಗಲ್ಲಿ ಗಲ್ಲಿ ಅಲೆಯುತ್ತಾನೆ.

ಇನ್ನೊಂದು ಮಾತನ್ನು ಮುಚ್ಚಿಡಬಾರದು. ಖೋಲಿ ಕೇಳಲು ಹೋದ ಮಗುವಿಗೆ ಎಷ್ಟೋ ಬಾಗಿಲಲ್ಲಿ ಮೊದಲು ಎದುರಾಗುವ ಪ್ರಶ್ನೆ, "ಯಾವ ಮಂದಿ?" ಉತ್ತರ ಕೇಳಿದ ಮೇಲೆ ಖೋಲಿ ಆಗಲೇ ಹೋಗಿರುತ್ತದೆ. ಅಸ್ಪೃಶ್ಯತೆಯ ಕಾರಣಕ್ಕೆ ವಾಸದ ಮನೆ ತಪ್ಪಿಸುವುದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಹದಿನಾರರ ಹುಡುಗನಿಗೆ ಅದು ಗೊತ್ತಿರುವುದಿಲ್ಲ. ಅವನಿಗೆ ಗೊತ್ತಾಗುವುದು, ಪುಸ್ತಕದಲ್ಲಿ ಓದಿದ್ದಕ್ಕೂ ಬಾಗಿಲಲ್ಲಿ ಕೇಳಿದ್ದಕ್ಕೂ ಸಂಬಂಧವಿಲ್ಲ ಎಂಬುದಷ್ಟೇ. ಶಹರದ ಮೊದಲ ಪಾಠ ಇದಾಗಬಾರದು.

ಮನೆ ಮಾಲಕರ ಕಷ್ಟವೂ ಸುಳ್ಳಲ್ಲ. ಇಬ್ಬರಿಗೆಂದು ಕೊಟ್ಟ ಖೋಲಿಯಲ್ಲಿ ಐವರು ಮಲಗುತ್ತಾರೆ, ನಳಕ್ಕೆ ನೀರು ಬಂದ ದಿನ ಬ್ಯಾರಲ್ ತುಂಬುವ ಜಗಳ ಬೀದಿಗೆ ಬರುತ್ತದೆ, ಎರಡು ತಿಂಗಳ ಬಾಕಿ ಇಟ್ಟು ರಾತ್ರೋರಾತ್ರಿ ಹೋದವರೂ ಇದ್ದಾರೆ. ಪಿಂಚಣಿಯಿಲ್ಲದ ಎಷ್ಟೋ ವಯಸ್ಸಾದವರಿಗೆ ಆ ಒಂದು ಖೋಲಿಯ ಬಾಡಿಗೆಯೇ ಔಷಧದ ಖರ್ಚು. ಬರೆದಿಟ್ಟ ಕಾಗದ ಅವರನ್ನೂ ಕಾಯುತ್ತದೆ.

ಅದಕ್ಕೇ ನಾನು ತಮ್ಮಲ್ಲಿ ಮುಖ್ಯವಾಗಿ ಕೇಳುವುದು ಒಂದು ಹಾಳೆ. ಸರಳ ಕನ್ನಡದಲ್ಲಿ, ಎರಡೂ ಮಗ್ಗುಲು ಸೇರಿ ಒಂದೇ ಹಾಳೆಯ ಮಾದರಿ ಕರಾರು ಪತ್ರವನ್ನು ಜಿಲ್ಲಾಡಳಿತ ಹೊರತರಲಿ. ಬಾಡಿಗೆ ಎಷ್ಟು, ಡಿಪಾಜಿಟ್ ಎಷ್ಟು, ಅದು ಎಷ್ಟು ದಿನದಲ್ಲಿ ವಾಪಸ್ಸು, ನೀರು ಯಾವಾಗ, ಲೈಟಿನ ಲೆಕ್ಕ ಹೇಗೆ, ಬಿಡಲು ಬಿಡಿಸಲು ಎಷ್ಟು ದಿನ ಮೊದಲು ಹೇಳಬೇಕು, ಖೋಲಿಯಲ್ಲಿ ಏನೇನಿತ್ತು, ಗೋಡೆ ಹೇಗಿತ್ತು. ಇಷ್ಟು ಸಾಕು. 11 ತಿಂಗಳ ಕರಾರಿಗೆ ನೋಂದಣಿ ಕಡ್ಡಾಯವಲ್ಲ. ಪಿಯುಸಿ ಮಕ್ಕಳಿಗೆ 18 ತುಂಬಿರುವುದಿಲ್ಲ, ಅವರ ಸಹಿ ಕಾನೂನಿನಲ್ಲಿ ನಿಲ್ಲುವುದಿಲ್ಲ. ತಂದೆ ತಾಯಿಯ ಸಹಿಗೆ ಅದರಲ್ಲಿ ಜಾಗವಿರಲಿ. ಡಿಪಾಜಿಟ್ಟು ಎರಡು ತಿಂಗಳ ಬಾಡಿಗೆ ಮೀರದಿರಲಿ. ಕೇಂದ್ರ ಸಂಪುಟ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ಹೇಳುವುದೂ ಇದನ್ನೇ.

ಆ ಹಾಳೆ ಕಾಲೇಜಿನ ಪ್ರವೇಶ ಅರ್ಜಿಯ ಜೊತೆಗೇ ಸಿಗಲಿ. ತಿಕೋಟಾ, ಬಬಲೇಶ್ವರದ ತಹಶೀಲ್ದಾರ ಕಚೇರಿಗಳಲ್ಲಿ ಮೇ, ಜೂನ್ ತಿಂಗಳಲ್ಲಿ ಒಂದು ಮೇಜು ಹಾಕಿಸಿ, ಮಕ್ಕಳು ಊರು ಬಿಡುವ ಮೊದಲೇ ತಿಳಿಹೇಳುವ ಒಬ್ಬರನ್ನು ಕೂರಿಸಿ. ಯಾವ ಸರಕಾರಿ ಹಾಸ್ಟೆಲಿನಲ್ಲಿ ಎಷ್ಟು ಸೀಟು ಉಳಿದಿದೆ ಎಂಬ ಪಟ್ಟಿಯೂ ಅಲ್ಲೇ ಇರಲಿ. ಸೀಟು ಖಾಲಿಯಿದ್ದರೂ ಗೊತ್ತಿಲ್ಲದೆ ಸಾಲ ಮಾಡಿ ಖೋಲಿ ಹಿಡಿಯುವ ಸ್ಥಿತಿ ಯಾರಿಗೂ ಬರಬಾರದು. ತಂಟೆ ಬಂದಾಗ ಕೋರ್ಟಿನ ಮೆಟ್ಟಿಲಿಗೆ ಹೋಗಲಾರದ ಅಪ್ಪನ ಮಾತನ್ನೂ ಮಾಲಕರ ಮಾತನ್ನೂ ಕೂರಿಸಿ ಕೇಳಲು ವಾರಕ್ಕೊಂದು ದಿನ ಒಬ್ಬ ಅಧಿಕಾರಿಯನ್ನು ಗೊತ್ತುಮಾಡಿ. ಹೊಸ ಕಟ್ಟಡ ಬೇಡ, ದೊಡ್ಡ ಅನುದಾನ ಬೇಡ.

ಕಳೆದ ಜೂನ್‌ನಲ್ಲಿ ಬಬಲೇಶ್ವರ ಕಡೆಯ ಒಬ್ಬ ಹುಡುಗ ಅಪ್ಪನ ಜೊತೆ ನಮ್ಮ ಮನೆಗೆ ಖೋಲಿ ಕೇಳಲು ಬಂದ. ನಾನು ಕೈಯಲ್ಲೇ ಬರೆದಿಟ್ಟ ಹಾಳೆ ಕೊಟ್ಟೆ. ಹುಡುಗ ಅದನ್ನು ಅಪ್ಪನಿಗೆ ಗಟ್ಟಿಯಾಗಿ ಓದಿ ಹೇಳಿದ. "ಡಿಪಾಜಿಟ್ಟು ಖೋಲಿ ಬಿಟ್ಟ 15 ದಿನದಾಗ ವಾಪಸ್" ಎಂಬಲ್ಲಿಗೆ ಬಂದಾಗ ಅಪ್ಪ, "ಮತ್ತೊಮ್ಮೆ ಓದು" ಅಂದರು. ಆಮೇಲೆ ನಿಧಾನಕ್ಕೆ ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡಿ ಕೇಳಿದರು: "ಅಕ್ಕಾರ, ಇದರದೊಂದು ನಮಗೂ ಕೊಡ್ತೀರೇನ್ರಿ?" ಕೊಟ್ಟೆ. ಹುಡುಗ ಅದನ್ನು ಟ್ರಂಕಿನಲ್ಲಿ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನ ಪಕ್ಕ ಇಟ್ಟ.

ಆವತ್ತು ನನ್ನ ಅಪ್ಪನ ಕೈಯಲ್ಲಿ ಇರದಿದ್ದದ್ದು ಆ ಹಾಳೆ. ನನ್ನ ಎರಡು ಖೋಲಿಗೆ ನಾನು ಬರೆಯಬಲ್ಲೆ. ಊರಿನ ಎಲ್ಲ ಖೋಲಿಗಳಿಗೆ ಮಾದರಿ ಬರೆಯಿಸುವುದು ತಮ್ಮ ಕೈಯಲ್ಲಿದೆ. ಬರುವ ಜೂನ್‌ನ ಒಳಗೆ ಬರೆಯಿಸಿ ಎಂದು ಕೈಮುಗಿದು ಕೇಳುತ್ತೇನೆ.

ಇತಿ ತಮ್ಮ ವಿಶ್ವಾಸಿ,
ತಿಕೋಟಾ ತಾಲ್ಲೂಕಿನ ಮಗಳು, ವಿಜಯಪುರದ ಒಬ್ಬ ಮನೆ ಮಾಲಕಿ