ಚೀಟಿ ಎತ್ತುವುದೇ ನ್ಯಾಯ

ಮೂರೂವರೆ ವರ್ಷದ ಮಗಳನ್ನು ಕರೆದುಕೊಂಡು ಎಲ್‌ಕೆಜಿ ಸೀಟಿಗಾಗಿ ಬೆಂಗಳೂರಿನ ಒಂದು ಶಾಲೆಗೆ ಹೋಗಿದ್ದೆವು. ಟೀಚರು ಹಣ್ಣಿನ ಚಿತ್ರ ತೋರಿಸಿ ಇಂಗ್ಲಿಷಿನಲ್ಲಿ ಹೆಸರು ಕೇಳಿದರು. ಮಗಳು ಅಮ್ಮನ ಸೆರಗಿನ ಹಿಂದೆ ಸರಿದು ನಿಂತಳು. ಆಮೇಲೆ ಪ್ರಶ್ನೆಗಳು ನಮ್ಮ ಕಡೆ ತಿರುಗಿದವು: ಏನು ಓದಿದ್ದೀರಿ, ಎಲ್ಲಿ ಕೆಲಸ, ಮನೆಯಲ್ಲಿ ಯಾವ ಭಾಷೆ? ಸೀಟು ಸಿಗಲಿಲ್ಲ. ವಾಪಸು ಬರುವಾಗ ತಳ್ಳುಗಾಡಿಯ ಕಡೆ ಕೈ ತೋರಿಸಿ, "ಅಪ್ಪಾ, ದಾಳಿಂಬೆ" ಎಂದಳು. ಚಿತ್ರದಲ್ಲಿದ್ದದ್ದೂ ಅದೇ ಹಣ್ಣು.

ಅರ್ಜಿ ಹೆಚ್ಚು, ಸೀಟು ಕಡಿಮೆ, ಹೇಗಾದರೂ ಆರಿಸಲೇಬೇಕಲ್ಲ ಎಂದು ಶಾಲೆಯವರು ಹೇಳುತ್ತಾರೆ. ಒಪ್ಪಿದೆ. ಆದರೆ ಆ ವಯಸ್ಸಿನ ಮಗು ಸ್ವಂತ ದುಡಿಮೆಯಿಂದ ಗಳಿಸಿದ ಯೋಗ್ಯತೆ ಎಂಬುದು ಯಾವುದಿದೆ? ಇಂಗ್ಲಿಷಿನ ನಾಲ್ಕು ಪದ, ಅಪರಿಚಿತರ ಮುಂದೆ ಅಳುಕದ ಮಾತು ಎಲ್ಲವೂ ಮನೆಯಿಂದ ಬಂದದ್ದು. ಇಂಟರ್‌ವ್ಯೂ ಅಳೆಯುವುದು ಅಪ್ಪ ಅಮ್ಮನ ಓದನ್ನು, ಸಂಬಳವನ್ನು. ಮನೆಯಲ್ಲಿ ಅಕ್ಷರ ಇಲ್ಲದ ಮಗುವಿಗೆ ಶಾಲೆಯ ಅಗತ್ಯ ಎಲ್ಲರಿಗಿಂತ ಹೆಚ್ಚು. ಇಂಟರ್‌ವ್ಯೂ ಮೊದಲು ಹೊರಗಿಡುವುದು ಅದೇ ಮಗುವನ್ನು.

2009ರ ಶಿಕ್ಷಣ ಹಕ್ಕು ಕಾಯ್ದೆ (ಆರ್‌ಟಿಇ) ಇದನ್ನು ಸರಿಯಾಗಿಯೇ ಗುರುತಿಸಿತ್ತು. ಲಾಟರಿಯಂಥ ಕ್ರಮ ಬಿಟ್ಟು ಬೇರೆ ಯಾವ ರೀತಿಯಲ್ಲಿ ಒಂದು ಮಗುವನ್ನು ಇನ್ನೊಂದಕ್ಕಿಂತ ಮುಂದಿಟ್ಟು ಆರಿಸಿದರೂ ತಪ್ಪು. ಮೊದಲ ಸಲಕ್ಕೆ 25,000 ರೂಪಾಯಿವರೆಗೆ, ಆಮೇಲೆ ಪ್ರತಿ ಸಲಕ್ಕೆ 50,000 ರೂಪಾಯಿವರೆಗೆ ದಂಡ. ಆದರೆ ಆ ಕಾಯ್ದೆಯಲ್ಲಿ ಮಗು ಎಂದರೆ 6ರಿಂದ 14 ವರ್ಷದವರು. ಇದೇ ಅರ್ಥ ಹಿಡಿದು ದೆಹಲಿ ಹೈಕೋರ್ಟ್ 2013ರಲ್ಲಿ, ಬಡ ಮಕ್ಕಳ ಶೇ 25 ಸೀಟು ಬಿಟ್ಟರೆ ಉಳಿದ ನರ್ಸರಿ ಪ್ರವೇಶಕ್ಕೆ ಕಾಯ್ದೆ ಅನ್ವಯಿಸದು ಎಂದಿತು. ಖಾಸಗಿ ಶಾಲೆಗಳ ಬಾಗಿಲು ತೆರೆಯುವುದೇ ಎಲ್‌ಕೆಜಿಯಲ್ಲಿ. ಒಂದನೇ ತರಗತಿಯ ಹೊತ್ತಿಗೆ ಸೀಟೆಲ್ಲ ತುಂಬಿರುತ್ತದೆ. ಕಾನೂನು ಬರುವಷ್ಟರಲ್ಲಿ ಆಯ್ಕೆ ಮುಗಿದಿರುತ್ತದೆ.

ಚೀಟಿ ಎತ್ತಿ ಮಗುವಿನ ಭವಿಷ್ಯವನ್ನು ಅದೃಷ್ಟದ ಕೈಗೆ ಕೊಡುವುದೇ ಎಂದು ಗೆಳೆಯರು ಕೇಳಿದ್ದಾರೆ. ಯಾವ ಮನೆಯಲ್ಲಿ ಹುಟ್ಟಿದೆವು ಎಂಬುದೂ ಅದೃಷ್ಟವೇ. ಇಂಟರ್‌ವ್ಯೂ ಆ ಅದೃಷ್ಟಕ್ಕೆ ಯೋಗ್ಯತೆ ಎಂಬ ಹೆಸರು ಕೊಡುತ್ತದೆ, ಅಷ್ಟೆ. ಚೀಟಿಯಲ್ಲಿ ಹೆಸರು ಬರದಿದ್ದರೆ ಬೇಸರವಾಗುತ್ತದೆ, ನಿಜ. ಆದರೆ ಮಗಳಲ್ಲಿ ಏನು ಕೊರತೆ ಎಂದು ಯಾರೂ ಹುಡುಕುತ್ತಾ ಕೂರುವುದಿಲ್ಲ. ಆ ಸಂಜೆ ನಾವು ಹುಡುಕಿದೆವು. 'ಯಾಕೆ ಸುಮ್ಮನಿದ್ದೆ' ಎಂದು ಅವಳನ್ನು ಗದರಿದೆ ಕೂಡ. ಈಗಲೂ ಅದು ನನ್ನನ್ನು ಚುಚ್ಚುತ್ತದೆ.

ಕರ್ನಾಟಕಕ್ಕೆ ಲಾಟರಿ ಹೊಸದಲ್ಲ. ಆರ್‌ಟಿಇಯ ಶೇ 25 ಸೀಟುಗಳು ಇಲ್ಲಿ ಹಾಗೆಯೇ ಹಂಚಿಕೆಯಾಗುತ್ತಿದ್ದವು. 2019ರಲ್ಲಿ ನಿಯಮ ಬದಲಾಗಿ, ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆ ಸೀಟು ಇಲ್ಲವೆಂದಾಯಿತು. ಸರ್ಕಾರಿ ಶಾಲೆ ಖಾಲಿಯಾಗುತ್ತಿರುವಾಗ ಆ ಸೀಟುಗಳಿಗಾಗಿ ಖಾಸಗಿಯವರಿಗೇಕೆ ಸರ್ಕಾರದ ಹಣ ಎಂಬ ವಾದದಲ್ಲಿ ತೂಕವಿದೆ. ಹಾಗೆಂದು ಚೀಟಿ ಎತ್ತುವ ಪದ್ಧತಿಯೂ ಅದರ ಜೊತೆಗೇ ಬಹುಮಟ್ಟಿಗೆ ಮೂಲೆ ಸೇರಬೇಕಾಗಿರಲಿಲ್ಲ.

ಶಿಕ್ಷಣ ಇಲಾಖೆ ಎಲ್‌ಕೆಜಿಯ ಎಲ್ಲ ಸೀಟುಗಳಿಗೂ ಈ ನಿಯಮ ತರಲಿ. ಶಾಲೆಗೆ ಹತ್ತಿರವಿರುವ ಮಕ್ಕಳಿಗೆ ಮೊದಲ ಅವಕಾಶ; ಅರ್ಜಿ ಹೆಚ್ಚಾದರೆ ತಂದೆ ತಾಯಿಯರ ಎದುರಿಗೇ ಚೀಟಿ. ಅರ್ಜಿಯಲ್ಲಿ ಮಗುವಿನ ಹೆಸರು, ಹುಟ್ಟಿದ ದಿನ, ಮನೆಯ ವಿಳಾಸ ಇದ್ದರೆ ಸಾಕು. ಅಪ್ಪನ ಸಂಬಳ, ಅಮ್ಮನ ಡಿಗ್ರಿ ಕೇಳುವ ಕಾಲಂಗಳನ್ನು ತೆಗೆದುಹಾಕಿ.