ತಾತನಿಗೆ ‘ಈಸ್’ ಎನ್ನಬಹುದೆ?

ಮೊನ್ನೆ ಸಂಜೆ ಕಾಲೇಜಿನಿಂದ ಮನೆಗೆ ಮರಳಿದಾಗ ನನ್ನ ಅಕ್ಕನ ಮಗ ಹಜಾರದ ಮೂಲೆಯಲ್ಲಿ ಮುಖ ಊದಿಸಿಕೊಂಡು ಕುಳಿತಿದ್ದನು. ಆರನೆಯ ತರಗತಿಯ ಹುಡುಗ; ಸಾಮಾನ್ಯವಾಗಿ ಅವನ ಬಾಯಿ ಮುಚ್ಚಿಸುವುದೇ ನಮಗೆಲ್ಲ ಒಂದು ಕೆಲಸ. ಎರಡು ಮೂರು ಬಾರಿ ವಿಚಾರಿಸಿದ ಮೇಲೆ ಚೀಲದಿಂದ ಇಂಗ್ಲಿಷ್ ಪ್ರಬಂಧದ ಪುಸ್ತಕ ಹೊರಬಂದಿತು. ವಿಷಯ ‘ನನ್ನ ತಾತ’. ತಾತನೆಂದರೆ ನನ್ನ ತಂದೆಯವರೇ. ಮೊದಲ ವಾಕ್ಯ ‘ಮೈ ಗ್ರ್ಯಾಂಡ್‌ಫಾದರ್ ಆರ್ ಎ ಗುಡ್ ಮ್ಯಾನ್’ ಎಂದಿತ್ತು. ‘ಆರ್’ ಎಂಬುದರ ಸುತ್ತ ಕೆಂಪು ಮಸಿಯ ದೊಡ್ಡದೊಂದು ಸೊನ್ನೆ. ಉಪಾಧ್ಯಾಯರು ಇದನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿ, “ನಿನಗೆ ಎಷ್ಟು ಜನ ತಾತಂದಿರಯ್ಯಾ?” ಎಂದು ಕೇಳಿದರಂತೆ. ಮಕ್ಕಳೆಲ್ಲ ನಕ್ಕರಂತೆ.

“ಇನ್ನು ಮೇಲೆ ಆ ತರಗತಿಯಲ್ಲಿ ನಾನು ಬಾಯಿ ಬಿಡುವುದಿಲ್ಲ, ಮಾವ” ಎಂದನು. ಸ್ವಲ್ಪ ತಡೆದು, “ತಾತನಿಗೆ ‘ಈಸ್’ ಎಂದರೆ ‘ಇದ್ದಾನೆ’ ಎಂದ ಹಾಗಾಗುವುದಿಲ್ಲವೆ?” ಎಂದು ಕೇಳಿದನು.

ಕನ್ನಡ ಎಂ.ಎ. ಮಾಡಿದ ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ.

ಹುಡುಗನಿಗೆ ವ್ಯಾಕರಣ ತಿಳಿಯದೆಂದು ಹೇಳುವಂತಿಲ್ಲ. ತಿಳಿದದ್ದೇ ಅವನಿಗೆ ಮುಳುವಾಯಿತು. ಬಂದೆನು, ಬಂದೆವು, ಬಂದೆ, ಬಂದಿರಿ, ಬಂದನು, ಬಂದಳು, ಬಂದರು, ಬಂದಿತು, ಬಂದುವು—ಆಡುಮಾತಿನಲ್ಲಿ ತುದಿ ಸವೆದಿದ್ದರೂ ಈ ಭೇದಗಳನ್ನು ನಮ್ಮ ಮಕ್ಕಳು ಅಕ್ಷರಾಭ್ಯಾಸಕ್ಕೆ ಮೊದಲೇ ಬಲ್ಲರು. ಇಂಗ್ಲಿಷಿನಲ್ಲಿ ಇಷ್ಟಕ್ಕೂ ‘ಕೇಮ್’ ಎಂಬ ಒಂದೇ ರೂಪ. ವರ್ತಮಾನಕಾಲಕ್ಕೆ ಬಂದರೆ ಅಲ್ಲಿ ಉಳಿದಿರುವುದು ಒಂದು ‘ಎಸ್’ ಅಕ್ಷರ. ಅದಾದರೂ ನೆಟ್ಟಗೆ ಕುಳಿತಿದೆಯೆ? ‘ಬಾಯ್ಸ್’ ಎಂದು ನಾಮಪದಕ್ಕೆ ಹತ್ತಿದರೆ ಬಹುವಚನ. ‘ರನ್ಸ್’ ಎಂದು ಕ್ರಿಯಾಪದಕ್ಕೆ ಹತ್ತಿದರೆ ಏಕವಚನ! ಹುಡುಗರು ಹಲವರಾದರೆ ‘ಎಸ್’ ಕರ್ತೃವಿನ ಕಡೆಗೆ, ಒಬ್ಬನಾದರೆ ಕ್ರಿಯೆಯ ಕಡೆಗೆ.

ಈ ‘ಎಸ್’ ಕೂಡ ಹುಟ್ಟಿನಿಂದ ದಕ್ಷಿಣ ಇಂಗ್ಲೆಂಡಿನದಲ್ಲ. 1611ರ ಬೈಬಲ್ ಭಾಷಾಂತರದಲ್ಲಿ ‘ಗೋಸ್’ ಎಂಬುದಕ್ಕೆ ಬದಲು ‘ಗೋಯೆತ್’ ಎಂಬ ರೂಪವಿದೆ. ಉತ್ತರದ ಆಡುಮಾತಿನ ‘ಎಸ್’ ಮೆಲ್ಲಮೆಲ್ಲನೆ ಲಂಡನ್ನಿಗೆ ಬಂದು ಆ ‘ಎತ್’ ಅನ್ನು ಹೊರಗೆ ಹಾಕಿತು. ನಾರ್ಫೋಕ್ ಸೀಮೆಯ ಹಳೆಯ ಆಡುನುಡಿಯಲ್ಲಿ ಎರಡೂ ಇಲ್ಲದೆ ‘ಶಿ ಗೋ’ ಎನ್ನುವುದುಂಟು. ಆ ಸೀಮೆಯ ಮಕ್ಕಳೂ ಶಾಲೆಯಲ್ಲಿ ಏಟು ತಿಂದಿರಬೇಕು, ಪಾಪ!

ನಮ್ಮವರು ‘ಶಿ ಡೋಂಟ್ ಗೋ’ ಎನ್ನುವುದಕ್ಕೆ ಬೇರೆ ಕಾರಣವಿದೆ. ನಾನು ಹೋಗುವುದಿಲ್ಲ, ಅವಳು ಹೋಗುವುದಿಲ್ಲ, ಅವರು ಹೋಗುವುದಿಲ್ಲ—ಕರ್ತೃ ಯಾರೇ ಆಗಲಿ, ನಮ್ಮ ‘ಇಲ್ಲ’ ಮಿಸುಕುವುದಿಲ್ಲ. ಹೋಗೆನು, ಹೋಗಳು, ಹೋಗರು ಎಂಬ ರೂಪಗಳು ಈಗ ಗ್ರಂಥಗಳಲ್ಲಿ ಮಾತ್ರ ಉಳಿದಿವೆ. ತಿದ್ದಿದ ಮೇಲೆ ಅದೇ ಹುಡುಗ ‘ಶಿ ಡಸಂಟ್ ಗೋಸ್’ ಎಂದು ಬರೆಯುತ್ತಾನೆ. ಒಮ್ಮೆ ಬಿಟ್ಟು ಬೈಸಿಕೊಂಡವನು ಎರಡು ಕಡೆ ಹಾಕಿಬಿಡುವುದು ಸಹಜವೇ.

ನನ್ನ ಅನುಭವವನ್ನೂ ಹೇಳಿಬಿಡುತ್ತೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅಧ್ಯಾಪಕರ ಸಭೆಯೊಂದರಲ್ಲಿ ಬಡ ವಿದ್ಯಾರ್ಥಿಯೊಬ್ಬನ ಶುಲ್ಕದ ರಿಯಾಯಿತಿಗಾಗಿ ಮಾತನಾಡಲು ಎದ್ದೆನು. ‘ಒನ್ ಆಫ್ ಮೈ ಸ್ಟೂಡೆಂಟ್ಸ್ ಹ್ಯಾವ್’ ಎಂದದ್ದೇ ತಡ, ಹಿರಿಯರೊಬ್ಬರು ನಸುನಗುತ್ತ ‘ಹ್ಯಾಸ್’ ಎಂದರು. ಮುಂದಿನ ಮಾತೆಲ್ಲ ಮರೆತು ಕುಳಿತುಬಿಟ್ಟೆನು. ಹುಡುಗ ಮುಂದಿನ ಸಭೆಯವರೆಗೆ ಕಾಯಬೇಕಾಯಿತು. ಆ ಹೊತ್ತಿನಲ್ಲಿ ಆದದ್ದೇನೆಂಬುದು ಆಮೇಲೆ ತಿಳಿಯಿತು. ‘ನನ್ನ ವಿದ್ಯಾರ್ಥಿಗಳಲ್ಲಿ ಒಬ್ಬನು’ ಎನ್ನುವಾಗ ಕನ್ನಡದಲ್ಲಿ ‘ಒಬ್ಬನು’ ಕೊನೆಗೆ ಬರುತ್ತಾನೆ. ಕಿವಿಯಲ್ಲಿ ನಿಂತಿರುವ ಅವನನ್ನು ಹಿಡಿದೇ ಕ್ರಿಯಾಪದ ಹೊರಡುತ್ತದೆ. ಇಂಗ್ಲಿಷಿನಲ್ಲಿ ‘ಒನ್’ ಮೊದಲೇ ಬಂದು ಹೋಗಿರುತ್ತಾನೆ. ಕಿವಿಯಲ್ಲಿ ಉಳಿಯುವವರು ‘ಸ್ಟೂಡೆಂಟ್ಸ್’. ಇಂಗ್ಲಿಷನ್ನೇ ಮನೆಮಾತಾಗಿ ಉಳ್ಳವರೂ ವಾಕ್ಯ ಉದ್ದವಾದಾಗ ಇಲ್ಲಿ ಎಡವುವುದುಂಟು.

ಇನ್ನು ತಾತನ ವಿಷಯ. ಹಿರಿಯರೊಬ್ಬರನ್ನೇ ಕುರಿತು ‘ಬಂದರು’ ಎನ್ನುವುದನ್ನು ನಾವು ಗೌರವಾರ್ಥ ಬಹುವಚನವೆಂದು ಕರೆಯುತ್ತೇವೆ. ಹುಡುಗ ಮಾಡಿದ್ದು ಇದನ್ನೇ. ಸೋಜಿಗವೆಂದರೆ ಇಂಗ್ಲಿಷರೂ ಇದನ್ನೇ ಮಾಡಿದ್ದರು. ಎದುರಿಗಿರುವವನು ಒಬ್ಬನಾದರೆ ‘ದೌ’, ಹಲವರಾದರೆ ‘ಯು’ ಎಂದಿದ್ದ ಕಾಲದಲ್ಲಿ, ದೊಡ್ಡವರಿಗೆ ಮರ್ಯಾದೆ ತೋರಿಸಲು ಒಬ್ಬರಿಗೇ ‘ಯು’ ಎನ್ನತೊಡಗಿದರು. 17ನೆಯ ಶತಮಾನದಲ್ಲಿ ಕ್ವೇಕರ್ ಪಂಥದವರು ಅಧಿಕಾರಿಗಳನ್ನೂ ‘ದೌ’ ಎಂದು ಏಕವಚನದಲ್ಲಿ ಕರೆದು ಏಟು ತಿಂದರು. ಕ್ರಮೇಣ ಎಲ್ಲರಿಗೂ ‘ಯು’ ಸಂದಿತು. ಆದರೆ ಬಹುವಚನದ ‘ಆರ್’ ಅದರ ಬಾಲಕ್ಕೆ ಕಟ್ಟಿಕೊಂಡೇ ಉಳಿಯಿತು. ಒಬ್ಬನಿಗೆ ಸಲ್ಲುವಾಗ ‘ಯು ವಾಸ್’ ಎಂದು ಹೇಳಿ ನೋಡಿದವರೂ ಇದ್ದರು. ಮುಂದೆ ಲಂಡನ್ನಿನ ಬಿಷಪ್ ಆದ ರಾಬರ್ಟ್ ಲೌತ್ 1762ರ ತನ್ನ ವ್ಯಾಕರಣದಲ್ಲಿ ಅದನ್ನು ಘೋರ ಅಪರಾಧವೆಂಬಂತೆ ಖಂಡಿಸಿದನು. ಆ ಉಪಾಧ್ಯಾಯರು ನಮ್ಮ ಹುಡುಗನಿಗೆ ‘ಯು ಆರ್ ರಾಂಗ್’ ಎಂದಿದ್ದರೆ, ಆ ‘ಆರ್’ ಕೂಡ ಒಂದು ಕಾಲದ ಗೌರವಾರ್ಥ ಬಹುವಚನವೇ!

ಇಷ್ಟನ್ನೂ ಹುಡುಗನಿಗೆ ಹೇಳಿದೆನು. “ಹಾಗಾದರೆ ನಾನು ಬರೆದದ್ದೇ ಸರಿ” ಎಂದು ಎದ್ದು ನಿಂತನು. ಅಲ್ಲವಪ್ಪಾ, ಅವರು ಆ ಮರ್ಯಾದೆಯನ್ನು ಎದುರಿಗಿದ್ದವರಿಗೆ ಮಾತ್ರ ಕೊಟ್ಟರು. ಆಚೆ ಇದ್ದವರಿಗೆ ಕೊಡಲಿಲ್ಲ. ದೊರೆಗೂ ‘ಈಸ್’, ಬೀದಿಯ ನಾಯಿಗೂ ‘ಈಸ್’. ಆದುದರಿಂದ ಅದರಲ್ಲಿ ‘ಇದ್ದಾರೆ’ಯ ಗೌರವವೂ ಇಲ್ಲ, ‘ಇದ್ದಾನೆ’ಯ ತಾತ್ಸಾರವೂ ಇಲ್ಲ ಎಂದು ಸಮಾಧಾನ ಮಾಡಬೇಕಾಯಿತು. ನಾಯಿಯ ಮಾತು ಅವನಿಗೆ ಅಷ್ಟಾಗಿ ರುಚಿಸಲಿಲ್ಲ. ಆದರೂ ಪುಸ್ತಕವನ್ನು ತೆಗೆದುಕೊಂಡು ಹೋಗಿ ತಾತನ ಪಕ್ಕದಲ್ಲಿಯೇ ಕುಳಿತು ಪ್ರಬಂಧವನ್ನು ಮತ್ತೊಮ್ಮೆ ಬರೆದನು.

ರಾತ್ರಿ ಊಟವಾದ ಮೇಲೆ ತಂದು ತೋರಿಸಿದನು. ಮೊದಲ ವಾಕ್ಯದಲ್ಲಿ ‘ಈಸ್’ ದುಂಡಾಗಿ ಕುಳಿತಿತ್ತು. ಎರಡನೆಯ ವಾಕ್ಯ ಹೀಗಿತ್ತು: ‘ದೇ ಗೆಟ್ ಅಪ್ ಅಟ್ ಫೈವ್’.

ತಿದ್ದಲು ಲೇಖನಿಯನ್ನು ಎತ್ತಿಕೊಂಡೆನು. ತಂದೆಯವರು ಎದುರಿಗೇ ಕುಳಿತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಹುಡುಗ ಅವರ ಮುಖವನ್ನೂ ನನ್ನ ಮುಖವನ್ನೂ ನೋಡುತ್ತಿದ್ದನು. ಬೆಳಿಗ್ಗೆ ಅವನು ಶಾಲೆಗೆ ಹೊರಡುವ ಮೊದಲು ತಿದ್ದಿದರಾಯಿತೆಂದು ಪುಸ್ತಕವನ್ನು ಮುಚ್ಚಿಟ್ಟೆನು.